ಪರೀಕ್ಷೆಗೆ ಜಾಗ ಕೊಡಿ, ಕರೆಂಟಿಗೆ ಈಗಲೇ ಸಹಿ ಹಾಕಬೇಡಿ

ಪ್ರಶ್ನೆ: ನಾನು ಕರಾವಳಿಯ ಒಂದು ಮೀನುಗಾರಿಕಾ ಬಂದರಿನ ಸಹಕಾರ ಸಂಘದ ಸಮಿತಿಯಲ್ಲಿದ್ದೇನೆ. ಸಮುದ್ರದ ಅಲೆಯಿಂದ ಕರೆಂಟ್ ತಯಾರಿಸುವ ಹೊಸ ಕಂಪನಿಯೊಂದು ನಮ್ಮನ್ನು ಕೇಳಿಕೊಂಡು ಬಂದಿದೆ. ನಮ್ಮ ತಡೆಗೋಡೆಯ ಹತ್ತಿರ 100 ಕಿಲೋವ್ಯಾಟ್‌ನ ಯಂತ್ರವನ್ನು ಪರೀಕ್ಷೆಗೆ ಕೂರಿಸುತ್ತಾರಂತೆ. ಒಂದು ವರ್ಷದ ನಂತರ ಐಸ್ ಪ್ಲಾಂಟ್‌ಗೆ ಕಡಿಮೆ ದರದಲ್ಲಿ ಕರೆಂಟ್ ಕೊಡುತ್ತಾರಂತೆ. ಒಪ್ಪಬಹುದಾ? ಇಂಥ ಯಂತ್ರಗಳನ್ನು ನಿಜವಾಗಿ ಹೇಗೆ ಪರೀಕ್ಷೆ ಮಾಡುತ್ತಾರೆ? ನಾವು ಏನೇನು ಕೇಳಬೇಕು?

ಉತ್ತರ: ಕಂಪನಿಯವರು ಎರಡು ವಿಷಯಗಳನ್ನು ಒಂದೇ ಕಾಗದದಲ್ಲಿ ತಂದಿದ್ದಾರೆ. ಹೊಸ ಯಂತ್ರದ ಪರೀಕ್ಷೆಗೆ ಜಾಗ ಕೊಡುವುದು ಒಂದು. ಅದರಿಂದ ಕರೆಂಟ್ ಕೊಳ್ಳುವುದು ಇನ್ನೊಂದು. ಮೊದಲು ಅವನ್ನು ಬೇರೆ ಮಾಡಿ. ಜಾಗ ಕೊಡುವುದಕ್ಕೆ ಸರಿಯಾದ ಷರತ್ತು ಹಾಕಿ ಖುಷಿಯಿಂದ ಒಪ್ಪಿಕೊಳ್ಳಿ. ಇಂಥ ಕೆಲಸ ನಮ್ಮ ಕರಾವಳಿಯಲ್ಲಿ ಆಗಬೇಕು ಅನ್ನುವ ಆಸೆ ನನಗೂ ತುಂಬಾ ಇದೆ. ಆದರೆ ಐಸ್ ಪ್ಲಾಂಟ್ ಕರೆಂಟಿನ ಒಪ್ಪಂದಕ್ಕೆ ಈಗ ಸಹಿ ಬೇಡ.

ಮೊದಲು ಈ 100 ಕಿಲೋವ್ಯಾಟ್ ಅಂದರೆ ಏನು ಅಂತ ನೋಡೋಣ. ಅದು ಯಂತ್ರ ಪೂರ್ತಿ ಜೋರಿನಲ್ಲಿ ಓಡಿದಾಗ ಕೊಡಬಹುದಾದ ಶಕ್ತಿ. ಅಲೆ ಯಾವಾಗಲೂ ಒಂದೇ ಸಮ ಇರುವುದಿಲ್ಲ ಅಲ್ವಾ? ಹಾಗಾಗಿ ವರ್ಷದ ಸರಾಸರಿ ತುಂಬಾ ಕೆಳಗೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಜಗತ್ತಿನಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಅದೂ ನಿಮ್ಮದರ ಹಾಗೆ ಮೀನುಗಾರರ ಬಂದರೇ.

ಸ್ಪೇನ್ ದೇಶದ ಉತ್ತರ ತುದಿಯಲ್ಲಿ, ಬಾಸ್ಕ್ ಪ್ರದೇಶದಲ್ಲಿ ಮುತ್ರಿಕು ಅಂತ ಒಂದು ಸಣ್ಣ ಊರಿದೆ. ಬಿಸ್ಕೆ ಕೊಲ್ಲಿಯ ಬಿರುಗಾಳಿಗೆ ಅಲ್ಲಿನ ಹಳೆಯ ಬಂದರು ನಲುಗುತ್ತಿತ್ತು. ದೋಣಿಗಳಿಗೆ ರಕ್ಷಣೆ ಬೇಕು ಅಂತ ಸರ್ಕಾರ ಹೊಸ ತಡೆಗೋಡೆ ಕಟ್ಟಲು ಹೊರಟಿತು. ಆಗ ಅಲ್ಲಿನ ಇಂಧನ ಸಂಸ್ಥೆಯವರು, ಹೇಗೂ ಗೋಡೆ ಕಟ್ಟುತ್ತೀರಿ, ಅದರ ಒಂದು ಭಾಗದಲ್ಲಿ ಅಲೆಯಿಂದ ಕರೆಂಟ್ ತೆಗೆಯುವ ಕೋಣೆಗಳನ್ನೂ ಕಟ್ಟೋಣ ಅಂದರು. 440 ಮೀಟರ್ ಗೋಡೆಯಲ್ಲಿ ಸುಮಾರು 100 ಮೀಟರ್ ಇದಕ್ಕೆ ಸಿಕ್ಕಿತು. ಕಟ್ಟುವ ಹೊತ್ತಿನಲ್ಲೇ ಚಳಿಗಾಲದ ಬಿರುಗಾಳಿ ಗೋಡೆಯ ಮುಂಭಾಗಕ್ಕೆ ಹಾನಿ ಮಾಡಿತು. ದುರಸ್ತಿ ಮಾಡಿ 2011ರ ಜುಲೈನಲ್ಲಿ ಶುರು ಮಾಡಿದರು.

ಗೋಡೆಯೊಳಗೆ 16 ಕಾಂಕ್ರೀಟ್ ಕೋಣೆಗಳಿವೆ. ಪ್ರತಿ ಕೋಣೆಯ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗೆ, ಸಮುದ್ರದ ಕಡೆಗೆ ತೆರೆದಿದೆ. ಅಲೆ ಬಂದಾಗ ಕೋಣೆಯೊಳಗಿನ ನೀರು ಮೇಲೇಳುತ್ತದೆ. ಸೈಕಲ್ ಪಂಪು ಒತ್ತಿದ ಹಾಗೆ, ಮೇಲಿನ ಗಾಳಿ ಒಂದು ಕಿಂಡಿಯಿಂದ ರಭಸವಾಗಿ ಹೊರಗೆ ನುಗ್ಗುತ್ತದೆ. ಅಲೆ ಹಿಂದೆ ಸರಿದಾಗ ಅದೇ ಕಿಂಡಿಯಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಕಿಂಡಿಯಲ್ಲಿರುವ ಟರ್ಬೈನ್ ಗಾಳಿ ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಅಲನ್ ವೆಲ್ಸ್ ಅವರು 1970ರ ದಶಕದಲ್ಲಿ ರೂಪಿಸಿದ ಟರ್ಬೈನ್ ಇದು. ಅವರ ಹೆಸರಿನಲ್ಲೇ ವೆಲ್ಸ್ ಟರ್ಬೈನ್ ಅನ್ನುತ್ತಾರೆ. ಓಡುವ ಭಾಗ ಯಾವುದೂ ಸಮುದ್ರದ ನೀರಿನೊಳಗೆ ಇಲ್ಲ. ದುರಸ್ತಿಗೆ ಗೋಡೆಯ ಒಳದಾರಿಯಲ್ಲಿ ನಡೆದುಕೊಂಡು ಹೋದರೆ ಸಾಕು.

ಈಗ ಲೆಕ್ಕಕ್ಕೆ ಬರೋಣ. ಒಂದೊಂದು ಟರ್ಬೈನ್ 18.5 ಕಿಲೋವ್ಯಾಟ್, ಒಟ್ಟು 296 ಕಿಲೋವ್ಯಾಟ್. ಇದು ವರ್ಷವಿಡೀ ಪೂರ್ತಿ ಜೋರಿನಲ್ಲಿ ಓಡಿದ್ದರೆ ಸುಮಾರು 26 ಲಕ್ಷ ಯೂನಿಟ್ ಬರಬೇಕಿತ್ತು. 2011ರಿಂದ 2020ರವರೆಗೆ, ಹತ್ತಿರಹತ್ತಿರ ಒಂಬತ್ತು ವರ್ಷದಲ್ಲಿ, ಎಲ್ಲಾ ಸೇರಿ ಬಂದದ್ದು ಸುಮಾರು 20 ಲಕ್ಷ ಯೂನಿಟ್. ಅಂದರೆ ಹಣೆಪಟ್ಟಿಯಲ್ಲಿ ಬರೆದಿರುವ ಶಕ್ತಿಯ ಶೇಕಡಾ 10ರ ಆಸುಪಾಸು. ಇಷ್ಟಾದರೂ ಅದನ್ನು ಯಾರೂ ಸೋಲು ಅನ್ನುವುದಿಲ್ಲ. ಅಲೆ ಶಕ್ತಿಯಲ್ಲಿ ಇಷ್ಟು ದೀರ್ಘಕಾಲ ಗ್ರಿಡ್‌ಗೆ ಕರೆಂಟ್ ಕೊಟ್ಟ ಸ್ಥಾವರಗಳು ಜಗತ್ತಿನಲ್ಲೇ ತೀರಾ ಕಡಿಮೆ.

ನಿಮ್ಮ 100 ಕಿಲೋವ್ಯಾಟ್ ಯಂತ್ರವೂ ಇಷ್ಟೇ ಚೆನ್ನಾಗಿ ಓಡಿತು ಅಂತ ಇಟ್ಟುಕೊಳ್ಳಿ. ಸರಾಸರಿ 10 ಕಿಲೋವ್ಯಾಟ್. ದಿನಕ್ಕೆ 240 ಯೂನಿಟ್. ನಮ್ಮಂಥ ಸೆಖೆಯ ಊರಿನಲ್ಲಿ ಒಂದು ಟನ್ ಬ್ಲಾಕ್ ಐಸ್ ಮಾಡಲು 55ರಿಂದ 70 ಯೂನಿಟ್ ಬೇಕು. ಹಾಗಾದರೆ ಅದರಿಂದ ಆಗುವುದು ದಿನಕ್ಕೆ ಸುಮಾರು 4 ಟನ್ ಐಸ್. ದಿನಕ್ಕೆ 20 ಟನ್ ಮಾಡುವ ಪ್ಲಾಂಟ್‌ಗೆ 1,200 ಯೂನಿಟ್ ಬೇಕು. ಐದನೇ ಒಂದು ಪಾಲು ಸಿಕ್ಕಿತು ಅಂತ ಸಮಾಧಾನ ಪಡುವ ಮೊದಲು ಇನ್ನೊಂದು ಸಂಗತಿ ನೋಡಬೇಕು. ನನ್ನ ಪ್ರಕಾರ ಇಡೀ ಪ್ರಸ್ತಾವದ ಗಂಟು ಇರುವುದೇ ಇಲ್ಲಿ.

ನಮ್ಮ ಕಡಲಿನ ಅಲೆ ಶಕ್ತಿ ವರ್ಷವಿಡೀ ಹಂಚಿಕೊಂಡಿಲ್ಲ. ಅದರ ಬಹುಪಾಲು ಮಳೆಗಾಲದ್ದು. ಆಳದ ನೀರಿನಲ್ಲಿ ಅಲೆಯ ಶಕ್ತಿಯನ್ನು ಅಂದಾಜು ಮಾಡಲು ಒಂದು ಸುಲಭ ಸೂತ್ರ ಇದೆ. ಅಲೆಯ ಎತ್ತರವನ್ನು ಅದರಿಂದಲೇ ಗುಣಿಸಿ, ಎರಡು ಅಲೆಗಳ ನಡುವಿನ ಸೆಕೆಂಡುಗಳಿಂದ ಗುಣಿಸಿ, ಅರ್ಧ ಮಾಡಿ. ಒಂದು ಮೀಟರ್ ಅಗಲಕ್ಕೆ ಎಷ್ಟು ಕಿಲೋವ್ಯಾಟ್ ಅನ್ನುವುದು ಸಿಗುತ್ತದೆ. ಜನವರಿಯಲ್ಲಿ 0.8 ಮೀಟರ್ ಅಲೆ, 7 ಸೆಕೆಂಡ್ ಅಂತ ಹಿಡಿಯಿರಿ. ಎರಡು ಕಿಲೋವ್ಯಾಟ್ ಚಿಲ್ಲರೆ ಬರುತ್ತದೆ. ಜುಲೈನಲ್ಲಿ 2.5 ಮೀಟರ್, 9 ಸೆಕೆಂಡ್ ಹಿಡಿಯಿರಿ. 28 ಕಿಲೋವ್ಯಾಟ್. ಹನ್ನೆರಡು ಪಟ್ಟು ಜಾಸ್ತಿ. ತಡೆಗೋಡೆಯ ಹತ್ತಿರ ನೀರು ಆಳವಿಲ್ಲದ ಕಾರಣ ಎರಡೂ ಅಂಕಿ ಇಳಿಯುತ್ತವೆ. ಆದರೆ ಮಳೆಗಾಲಕ್ಕೂ ಬೇಸಿಗೆಗೂ ಇರುವ ಅಂತರ ಅಳಿಸಿ ಹೋಗುವುದಿಲ್ಲ.

ಈಗ ನಿಮ್ಮ ದಕ್ಕೆಯ ಕ್ಯಾಲೆಂಡರ್ ತೆಗೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲಾ ಲಂಗರು ಹಾಕಿ ನಿಂತಿರುತ್ತವೆ. ನಾಡದೋಣಿಗಳಿಗೆ ಬೇಕಾಗುವ ಅಲ್ಪಸ್ವಲ್ಪ ಐಸ್ ಬಿಟ್ಟರೆ ಪ್ಲಾಂಟ್‌ಗಳಿಗೆ ಕೆಲಸ ಕಡಿಮೆ. ಅಲೆ ಕರೆಂಟ್ ಧಾರಾಳವಾಗಿ ಬರುವ ಹೊತ್ತಿಗೆ ಅದನ್ನು ಬಳಸುವವರಿಲ್ಲ. ಬೋಟುಗಳು ತುಂಬಿ ಬರುವ ತಿಂಗಳುಗಳಲ್ಲಿ, ಐಸ್‌ಗೆ ಸರತಿ ನಿಲ್ಲುವ ಹೊತ್ತಿಗೆ, ಕಡಲು ಸುಮ್ನೆ ಮಲಗಿರುತ್ತದೆ. ಮೀನುಗಾರಿಕಾ ಬಂದರಿನ ಐಸ್ ಪ್ಲಾಂಟ್‌ಗೂ ನಮ್ಮ ಅಲೆಗೂ ಕಾಲ ಕೂಡಿಬರುವುದಿಲ್ಲ. ಕಂಪನಿಯವರ ಲೆಕ್ಕದಲ್ಲಿ ವರ್ಷದ ಒಟ್ಟು ಯೂನಿಟ್ ಇರಬಹುದು. ತಿಂಗಳ ಲೆಕ್ಕ ಕೇಳಿ. ಪಕ್ಕದಲ್ಲಿ ಐಸ್ ಪ್ಲಾಂಟ್‌ನ ಹನ್ನೆರಡು ತಿಂಗಳ ಬಿಲ್ ಇಟ್ಟು ನೋಡಿ. ಬಂದರಿನ ಲೈಟು, ಪಂಪು, ಹರಾಜು ಕಟ್ಟೆಯ ಕರೆಂಟಿಗೆ ಮಳೆಗಾಲದಲ್ಲಿ ಎಷ್ಟು ಬೇಕು ಅನ್ನುವುದೂ ಆಗ ಗೊತ್ತಾಗುತ್ತದೆ.

ಇದೇ ಮಾತು ನವಮಂಗಳೂರಿನಂಥ ವಾಣಿಜ್ಯ ಬಂದರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಮಳೆಗಾಲದಲ್ಲೂ ಹಡಗು ಬರುತ್ತವೆ, ಕ್ರೇನ್ ಓಡುತ್ತದೆ, ದೀಪ ಉರಿಯುತ್ತದೆ. ಸೋಲಾರ್ ಮಂಕಾಗುವ ಜೂನ್–ಜುಲೈನಲ್ಲೇ ಅಲೆ ಜೋರಾಗುವುದರಿಂದ ಒಂದಕ್ಕೊಂದು ಆಸರೆ ಆಗಬಹುದು. ಹಾಗಂತ ಪ್ರಮಾಣ ಮರೆಯಬಾರದು. ದಕ್ಕೆಗೆ ಕಟ್ಟಿದ ಒಂದು ದೊಡ್ಡ ಹಡಗು ತನ್ನ ಎಂಜಿನ್ ನಿಲ್ಲಿಸಿ ದಡದ ಕರೆಂಟ್ ತೆಗೆದುಕೊಂಡರೆ ನೂರಾರು ಕಿಲೋವ್ಯಾಟ್‌ನಿಂದ ಕೆಲವು ಸಾವಿರ ಕಿಲೋವ್ಯಾಟ್‌ವರೆಗೂ ಬೇಕು. 100 ಕಿಲೋವ್ಯಾಟ್ ಅಲ್ಲಿ ಕಲಿಯುವುದಕ್ಕೆ ಮಾತ್ರ.

ಉಬ್ಬರ ಇಳಿತದಿಂದ ಕರೆಂಟ್ ತೆಗೆಯಬಹುದಾ ಅಂತ ಇನ್ನೊಂದು ಕಂಪನಿ ಬಂದೀತು. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಹತ್ತು ಮೀಟರ್ ಮುಟ್ಟುತ್ತದೆ. ನಮ್ಮಲ್ಲಿ ಒಂದೂವರೆ–ಎರಡು ಮೀಟರ್ ಬಂದರೆ ಹೆಚ್ಚು. ಅಳಿವೆಯಲ್ಲಿ ನೀರು ಸೆಕೆಂಡಿಗೆ ಅರ್ಧ ಮೀಟರ್ ಹರಿದರೆ ಒಂದು ಚದರ ಮೀಟರ್‌ಗೆ ಸಿಗುವುದು 64 ವ್ಯಾಟ್, ಅದರಲ್ಲಿ ಯಂತ್ರ ಹಿಡಿಯುವುದು ಅರ್ಧಕ್ಕಿಂತ ಕಡಿಮೆ. ಆ ಚರ್ಚೆ ಅಲ್ಲಿಗೆ ಬಿಡಿ.

ಮುಂದಿನ ಪ್ರಶ್ನೆ: ಯಂತ್ರವನ್ನು ಎಲ್ಲಿಗೆ ಸಿಗಿಸುತ್ತಾರೆ? ತಡೆಗೋಡೆ ಅಂದರೆ ಎಲ್ಲವೂ ಒಂದೇ ಅಲ್ಲ. ಮುತ್ರಿಕುವಿನ ಆ ಭಾಗ ನೇರವಾಗಿ ನಿಂತ ಕಾಂಕ್ರೀಟ್ ಗೋಡೆ. ಇಟಲಿಯ ಚಿವಿತಾವೆಕ್ಕಿಯ ಬಂದರಿನಲ್ಲೂ ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳನ್ನು ಸಾಲಾಗಿ ಇಳಿಸಿ ಗೋಡೆ ಮಾಡುವಾಗಲೇ ಒಳಗೆ ಗಾಳಿ ಕೋಣೆಗಳನ್ನು ಕಟ್ಟಿದರು. ನಮ್ಮ ಕರಾವಳಿಯ ತಡೆಗೋಡೆಗಳು ಹೆಚ್ಚಾಗಿ ಕಲ್ಲು ಸುರಿದು, ಮೇಲೆ ಟೆಟ್ರಾಪಾಡ್, ಅಂದರೆ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ, ಹೊದಿಸಿದ ಇಳಿಜಾರು ದಿಬ್ಬಗಳು. ಅಲೆಯ ಹೊಡೆತವನ್ನು ಸಂದುಗಳಲ್ಲಿ ಒಡೆದು ಕರಗಿಸುವುದೇ ಅವುಗಳ ಕೆಲಸ. ಕಲ್ಲುಗಳು ಕಾಲಕಾಲಕ್ಕೆ ಸ್ವಲ್ಪ ಕೂರುತ್ತವೆ, ಜರುಗುತ್ತವೆ. ಅಂಥ ದಿಬ್ಬದಲ್ಲಿ ಕೋಣೆ ಕೊರೆಯಲು ಆಗುವುದಿಲ್ಲ. ಯಂತ್ರದ ತೋಳನ್ನು ಟೆಟ್ರಾಪಾಡ್‌ಗೆ ಬೋಲ್ಟ್ ಹಾಕಿ ನಿಲ್ಲಿಸುವುದೂ ತಪ್ಪು. ಪ್ರತಿ ಅಲೆಗೂ ಎಳೆತ ಬಿದ್ದು ದಿಬ್ಬವೇ ಸಡಿಲವಾದರೆ ಒಳಗೆ ಕಟ್ಟಿದ ಬೋಟುಗಳ ಗತಿ ಏನು? ಹಾಗಾಗಿ ಬಂದರು ಇಲಾಖೆಯ ಎಂಜಿನಿಯರ್ ಬರೆದು ಕೊಡದೆ ಗೋಡೆಯ ಒಂದು ಕಲ್ಲನ್ನೂ ಮುಟ್ಟಲು ಬಿಡಬೇಡಿ. ಬೇರೆ ಕಂಬಗಳ ಮೇಲೆ, ಇಲ್ಲವೇ ಲಂಗರು ಹಾಕಿ ತೇಲಿಸುವುದಾದರೆ ವಿಷಯ ಬೇರೆ.

ಇಸ್ರೇಲಿನ ಜಾಫಾ ಬಂದರಿನಲ್ಲಿ ಇರುವುದು ತೋಳಿನ ಯಂತ್ರ. ಗಟ್ಟಿ ಗೋಡೆಗೆ ಸಿಗಿಸಿದ ತೋಳುಗಳ ತುದಿಯಲ್ಲಿ ತೇಲುವ ದೊಡ್ಡ ತೊಟ್ಟಿಗಳು. ಅವು ಏರಿಳಿದಾಗ ಎಣ್ಣೆಯ ಸಿಲಿಂಡರ್ ಒತ್ತುತ್ತದೆ, ದಡದ ಮೇಲಿನ ಮೋಟಾರು ಜನರೇಟರನ್ನು ತಿರುಗಿಸುತ್ತದೆ. ಅದೂ 100 ಕಿಲೋವ್ಯಾಟ್. 2023ರಲ್ಲಿ ಗ್ರಿಡ್‌ಗೆ ಜೋಡಿಸಿದರು. ಅದೇ ಕಂಪನಿ ಮುಂಬೈನಲ್ಲಿ ಇಂಥದ್ದೊಂದು ಪ್ರಯೋಗಕ್ಕೆ 2025ರ ಫೆಬ್ರವರಿಯಲ್ಲಿ ಭಾರತ್ ಪೆಟ್ರೋಲಿಯಂ ಜೊತೆ ಒಡಂಬಡಿಕೆ ಮಾಡಿಕೊಂಡಿದೆ. ಈ ಬಗೆಯ ಯಂತ್ರದಲ್ಲಿ ಬಿರುಗಾಳಿ ಬಂದಾಗ ತೊಟ್ಟಿಗಳನ್ನು ನೀರಿನಿಂದ ಮೇಲಕ್ಕೆ ಎತ್ತಿ ಕಾಪಾಡುತ್ತಾರೆ. ಒಳ್ಳೆಯ ಉಪಾಯ. ನಿಮ್ಮ ಕಂಪನಿಯದ್ದೂ ಇದೇ ಜಾತಿಯದ್ದಾದರೆ ಒಂದು ಪ್ರಶ್ನೆ ಕೇಳಲೇಬೇಕು. ಎಷ್ಟು ಮೀಟರ್ ಅಲೆಗೆ ಎತ್ತಿಬಿಡುತ್ತೀರಿ? ಮಳೆಗಾಲದ ಅಲೆಗೇ ಎತ್ತಿಟ್ಟರೆ ನಮ್ಮಲ್ಲಿ ಶಕ್ತಿ ಇರುವ ತಿಂಗಳುಗಳೇ ಕೈಬಿಟ್ಟು ಹೋಗುತ್ತವೆ.

ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ಕೇಳಿದ್ದೀರಿ. ಬಂದರಿಗೆ ಬರುವ ಮೊದಲೇ ಯಂತ್ರ ಕೆಲವು ಮೆಟ್ಟಿಲು ಹತ್ತಿರಬೇಕು. ಮೊದಲನೆಯದು ಟ್ಯಾಂಕ್. ನಮ್ಮ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲೇ 50 ಮೀಟರ್ ಉದ್ದದ ಅಲೆ ಕಾಲುವೆ ಇದೆ. ಅಗಲ 0.71 ಮೀಟರ್, ಆಳ 1.1 ಮೀಟರ್. ಒಂದು ತುದಿಯಲ್ಲಿ ಹಲಗೆ ಅಲುಗಾಡಿ ಅಲೆ ಎಬ್ಬಿಸುತ್ತದೆ. ಅಲ್ಲಿ ತಡೆಗೋಡೆಗಳ ಮಾದರಿಗಳನ್ನು ಬಹಳ ವರ್ಷಗಳಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಇಂಥ ಕಾಲುವೆಯಲ್ಲಿ ಯಂತ್ರದ 25ನೇ ಒಂದು ಅಳತೆಯ ಮಾದರಿ ಇಟ್ಟರು ಅಂದುಕೊಳ್ಳಿ. 2.5 ಮೀಟರ್ ಅಲೆ 10 ಸೆಂಟಿಮೀಟರ್ ಆಗುತ್ತದೆ. 10 ಸೆಕೆಂಡ್ 2 ಸೆಕೆಂಡ್ ಆಗುತ್ತದೆ. ಶಕ್ತಿ ಮಾತ್ರ 78,125ನೇ ಒಂದು ಪಾಲಿಗೆ ಇಳಿಯುತ್ತದೆ. ನಿಮ್ಮ 100 ಕಿಲೋವ್ಯಾಟ್ ಅಲ್ಲಿ ಬರೀ 1.28 ವ್ಯಾಟ್!

ಈ ಅಂಕಿಯನ್ನು ಗಮನಿಸಿ. ಮಾದರಿಯ ಒಂದು ಬೇರಿಂಗ್ ಬಿಗಿಯಾಗಿದ್ದರೆ ಅದೇ ಅರ್ಧ ವ್ಯಾಟ್ ತಿಂದುಬಿಡಬಹುದು. ಗಾಳಿ ಕೋಣೆಯ ಯಂತ್ರಕ್ಕೆ ಇನ್ನೊಂದು ತೊಡಕು. ನೀರಿನ ಅಳತೆ ಕಿರಿದಾದ ಹಾಗೆ ಗಾಳಿ ಅಮುಕಿಕೊಳ್ಳುವ ಗುಣ ಕಿರಿದಾಗುವುದಿಲ್ಲ. ಹಾಗಾಗಿ ಗಾಳಿ ಪೆಟ್ಟಿಗೆಯ ಗಾತ್ರವನ್ನು ಬೇರೆಯೇ ಲೆಕ್ಕದಲ್ಲಿ ಹಿಗ್ಗಿಸಬೇಕು. ಅದನ್ನು ಮಾಡದೆ ಟ್ಯಾಂಕ್‌ನಲ್ಲಿ ಬಂದ ಅಂಕಿಯನ್ನು ನೇರವಾಗಿ ಗುಣಿಸಿ ತೋರಿಸಿದರೆ ನಂಬಬೇಡಿ. ಟ್ಯಾಂಕ್ ಪರೀಕ್ಷೆಯಿಂದ ಗಟ್ಟಿಯಾಗಿ ತಿಳಿಯುವುದು ಎರಡು ಸಂಗತಿ. ಯಂತ್ರ ಯಾವ ಅಲೆಗೆ ಹೇಗೆ ಅಲುಗುತ್ತದೆ, ಮತ್ತು ಅದರ ಕಂಬ, ಕೊಂಡಿ, ಸರಪಳಿ ಮೇಲೆ ಎಷ್ಟು ಬಲ ಬೀಳುತ್ತದೆ. ಕಂಪನಿಯ ಹತ್ತಿರ ಟ್ಯಾಂಕ್ ವರದಿಯೇ ಇಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಟ್ಯಾಂಕ್ ಆದ ಮೇಲೆ ಕರೆಂಟ್ ಮಾಡುವ ಭಾಗವನ್ನು ಮಾತ್ರ ಒಣ ನೆಲದ ಮೇಲೆ, ಲ್ಯಾಬ್‌ನಲ್ಲಿ ಓಡಿಸುತ್ತಾರೆ. ಆಮೇಲೆ ಸಮುದ್ರ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ 2003ರಲ್ಲಿ ಶುರುವಾದ ಎಮೆಕ್ ಅನ್ನುವ ಪರೀಕ್ಷಾ ಕೇಂದ್ರ ಇದಕ್ಕೆ ಹೆಸರುವಾಸಿ. ಅಲ್ಲಿ ಸಣ್ಣ ಯಂತ್ರಕ್ಕೆ ಮರೆ ಇರುವ ಕೊಲ್ಲಿ ಬೇರೆ, ಪೂರ್ತಿ ಗಾತ್ರದ್ದಕ್ಕೆ ಅಟ್ಲಾಂಟಿಕ್‌ನ ಬಯಲು ಸಮುದ್ರ ಬೇರೆ. ಮುತ್ರಿಕುವಿನವರು ಇನ್ನೂ ಒಂದು ಜಾಣತನ ಮಾಡಿದರು. ತಮ್ಮ ಗೋಡೆಯನ್ನೇ ಹೊಸ ಟರ್ಬೈನ್‌ಗಳ ಪರೀಕ್ಷೆಗೆ ಬಿಟ್ಟುಕೊಟ್ಟರು. ಪೋರ್ಚುಗಲ್‌ನಲ್ಲಿ ರೂಪಿಸಿದ ಹೊಸ ಬಗೆಯ 30 ಕಿಲೋವ್ಯಾಟ್ ಗಾಳಿ ಟರ್ಬೈನೊಂದನ್ನು ಲಿಸ್ಬನ್ ಲ್ಯಾಬ್‌ನಲ್ಲಿ ಓಡಿಸಿ, 2017ರಲ್ಲಿ ಮುತ್ರಿಕುವಿನ ಒಂದು ಕೋಣೆಗೆ ಕೂರಿಸಿದರು. ಹಾಳಾದರೆ ಕೈಗೆ ಸಿಗುವ ಜಾಗ. ಉಪ್ಪು ಗಾಳಿ, ಅಲೆಯ ಏರುಪೇರು ಎಲ್ಲಾ ನಿಜವಾದದ್ದು. ಅಲ್ಲಿ ಪಾಸಾದ ಮೇಲೆ, 2018ರಲ್ಲಿ, ಅದೇ ಟರ್ಬೈನನ್ನು ಬಯಲು ಸಮುದ್ರದಲ್ಲಿ ತೇಲುವ ಯಂತ್ರದ ಮೇಲೆ ಹಾಕಿದರು. ಬಂದರು ಈ ದಾರಿಯಲ್ಲಿ ನಡುವಿನ ಮೆಟ್ಟಿಲು. ನೀವು ಕೊಡಬಹುದಾದ ಬೆಲೆಬಾಳುವ ವಸ್ತುವೂ ಇದೇ: ಸುಲಭವಾಗಿ ತಲುಪಬಹುದಾದ, ಆದರೂ ನಿಜವಾದ ಕಡಲು.

ಇನ್ನು ನಿಮ್ಮ ಬಂದರಿನಲ್ಲಿ ಏನನ್ನು ಅಳೆಯಬೇಕು? ಯೂನಿಟ್ ಮೀಟರ್ ಒಂದೇ ಸಾಲದು. ಎಷ್ಟು ಅಲೆ ಬಂತು, ಅದರಲ್ಲಿ ಎಷ್ಟು ಕರೆಂಟ್ ಆಯಿತು ಅನ್ನುವುದು ಜೋಡಿಯಾಗಿ ಗೊತ್ತಾಗಬೇಕು. ಯಂತ್ರದ ಮುಂದೆ, ಸಮುದ್ರದ ತಳದಲ್ಲಿ ಒತ್ತಡ ಅಳೆಯುವ ಸೆನ್ಸರ್ ಇಟ್ಟು ಅರ್ಧ ಗಂಟೆಗೊಮ್ಮೆ ಅಲೆಯ ಎತ್ತರ, ಅವಧಿ ಬರೆದಿಡಬೇಕು. ಅದೇ ಅರ್ಧ ಗಂಟೆಯ ಕರೆಂಟನ್ನು ಪಕ್ಕದಲ್ಲಿ ಬರೆಯಬೇಕು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಭಾರತದ ಕರಾವಳಿಯುದ್ದಕ್ಕೂ ಅಲೆ ಅಳೆಯುವ ತೇಲುಯಂತ್ರಗಳನ್ನು ಇಟ್ಟಿದೆ. ಅದರ ಅಂಕಿ ಹೋಲಿಕೆಗೆ ಬರುತ್ತದೆ. ಆದರೆ ನಿಮ್ಮ ಗೋಡೆಯ ಮುಂದಿನ ಆಳವಿಲ್ಲದ ನೀರಿನ ಅಲೆಯೇ ಬೇರೆ. ಅದನ್ನು ಅಲ್ಲೇ ಅಳೆಯಬೇಕು. ಸಾಧ್ಯವಾದರೆ ಈ ಸೆನ್ಸರ್ ಕಂಪನಿಯ ಕೈಯಲ್ಲಿ ಬೇಡ, ಒಂದು ಕಾಲೇಜಿನ ಕೈಯಲ್ಲಿರಲಿ. ಯಂತ್ರ ಬರುವ ಮೊದಲೇ ಒಂದು ಮಳೆಗಾಲ ಪೂರ್ತಿ ಅಳೆದಿಟ್ಟುಕೊಂಡರೆ ಬಹಳ ಒಳ್ಳೆಯದು.

ಎಷ್ಟು ದಿನ ಯಂತ್ರ ನಿಂತಿತ್ತು, ಯಾಕೆ ನಿಂತಿತ್ತು ಅನ್ನುವ ಪುಸ್ತಕವೂ ಬೇಕು. ಕಡಲಿನಲ್ಲಿ ಯಂತ್ರ ಕೆಡುವುದು ಯಾವಾಗಲೂ ದೊಡ್ಡ ಅಲೆಗೆ ಅಲ್ಲ. ಕಂಟ್ರೋಲ್ ಪೆಟ್ಟಿಗೆಯ ರಬ್ಬರ್ ಸೀಲ್ ಸಡಿಲವಾಗಿ ಉಪ್ಪಿನ ತೇವ ಒಳಗೆ ಸೇರುತ್ತದೆ. ಸರ್ಕ್ಯೂಟ್ ಬೋರ್ಡ್ ಮೇಲೆ ಹಸಿರು ಕಿಲುಬು ಕೂರುತ್ತದೆ. ಒಂದು ದಿನ ಎಲ್ಲಾ ನಿಲ್ಲುತ್ತದೆ. ತಡೆಗೋಡೆಯ ಕಲ್ಲಿಗೆ ಪಚ್ಚಿಲೆ ಚಿಪ್ಪು ಹೇಗೆ ಕಚ್ಚಿಕೊಂಡು ಬೆಳೆಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಯಂತ್ರದ ತೊಟ್ಟಿಗೂ ಸರಪಳಿಗೂ ಹಾಗೇ ಕಚ್ಚುತ್ತದೆ, ಭಾರ ಏರುತ್ತದೆ, ತೇಲುವ ರೀತಿ ಬದಲಾಗುತ್ತದೆ. ಮಳೆಗಾಲದಲ್ಲಿ ದೋಣಿಯಲ್ಲಿ ಹೋಗಿ ಸರಿಮಾಡಲು ಆಗುವುದಿಲ್ಲ. ಜೂನ್‌ನಲ್ಲಿ ಕೆಟ್ಟದ್ದು ಸೆಪ್ಟೆಂಬರ್‌ವರೆಗೆ ಕೆಟ್ಟೇ ಇರುತ್ತದೆ. ಹಾಗಾಗಿ ಒಂದು ವರ್ಷದ ಪರೀಕ್ಷೆ ನಮ್ಮಲ್ಲಿ ಸಾಲದು. ಕಡಲು ಇಳಿದ ಮೇಲೆ, ನವೆಂಬರ್ ಆಸುಪಾಸು ಕೂರಿಸಿ, ಎರಡು ಮಳೆಗಾಲ ದಾಟಿಸಬೇಕು. ಮೊದಲನೆಯದರಲ್ಲಿ ಕೆಟ್ಟದ್ದನ್ನು ಸರಿಮಾಡಿದರೋ ಇಲ್ಲವೋ ಅನ್ನುವುದು ಎರಡನೆಯದರಲ್ಲಿ ತಿಳಿಯುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಿಮಗೆ ನೆನಪಿರುತ್ತದೆ. ಅಂಥದ್ದು ಬಂದರೆ ಯಂತ್ರವನ್ನು ಎಷ್ಟು ಗಂಟೆಯಲ್ಲಿ, ಯಾರು, ಹೇಗೆ ಸುರಕ್ಷಿತ ಮಾಡುತ್ತಾರೆ ಅನ್ನುವುದು ಮೊದಲೇ ಬರೆದಿರಲಿ.

ಈ ಕೆಲಸದಲ್ಲಿ ನಮ್ಮ ದೇಶ ಹೊಸಬ ಏನಲ್ಲ. ಕೇರಳದ ವಿಳಿಂಜಂ ಮೀನುಗಾರಿಕಾ ಬಂದರಿನಲ್ಲಿ, ತಡೆಗೋಡೆಯ ಹೊರಗೆ, ಐಐಟಿ ಮದ್ರಾಸಿನವರು 1991ರಲ್ಲೇ 150 ಕಿಲೋವ್ಯಾಟ್‌ನ ಗಾಳಿ ಕೋಣೆ ಯಂತ್ರ ನಿಲ್ಲಿಸಿದ್ದರು. ಮುತ್ರಿಕುಗಿಂತ 20 ವರ್ಷ ಮೊದಲು! ಈಗ ವಿಳಿಂಜಂ ಅಂದರೆ 2025ರ ಮೇನಲ್ಲಿ ಉದ್ಘಾಟನೆಯಾದ ದೊಡ್ಡ ಕಂಟೇನರ್ ಬಂದರು ನೆನಪಾಗುತ್ತದೆ. ಈ ಹಳೆಯ ಕೆಲಸವನ್ನು ನೆನೆಯುವವರು ಕಡಿಮೆ, ಅದು ನನಗೆ ಬೇಸರ. ಅಲ್ಲಿ ಕಲಿತ ಒಂದು ಪಾಠ ನಿಮಗೆ ನೇರವಾಗಿ ಬೇಕಾದದ್ದು. ಅಂಥ ಜನರೇಟರ್ ಗ್ರಿಡ್‌ಗೆ ಕಟ್ಟಿಕೊಂಡು ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಅಲೆ ಸಣ್ಣದಾದರೆ ತಾನೇ ಗ್ರಿಡ್‌ನಿಂದ ಕರೆಂಟ್ ಎಳೆದುಕೊಂಡು ಮೋಟಾರಿನ ಹಾಗೆ ತಿರುಗುತ್ತದೆ. ಮಳೆಗಾಲಕ್ಕೆ ಅಂತ ದೊಡ್ಡ ಜನರೇಟರ್ ಹಾಕಿದರೆ ಬೇಸಿಗೆಯಲ್ಲಿ ಅದೇ ಹೊರೆ. ಹಾಗಾಗಿ 1996ರಲ್ಲಿ ಅಲ್ಲಿ 55 ಕಿಲೋವ್ಯಾಟ್‌ನ ಸಣ್ಣ ಯಂತ್ರ ಜೋಡಿಸಿದರು. ಆಮೇಲೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಒಟಿಯವರು, ಬೇರೆ ಬಗೆಯ ಟರ್ಬೈನುಗಳನ್ನೂ ಅಲ್ಲಿ ಪರೀಕ್ಷಿಸಿದರು. ಸಮುದ್ರದ ನೀರನ್ನು ಸಿಹಿ ಮಾಡುವ ಪ್ರಯೋಗವನ್ನೂ ನಡೆಸಿದರು. ನಿಮ್ಮ ಕಂಪನಿಯವರನ್ನು ಕೇಳಿ: ಬೇಸಿಗೆಯಲ್ಲಿ ನಿಮ್ಮ ಯಂತ್ರ ಕರೆಂಟ್ ಕೊಡುತ್ತದೋ, ತೆಗೆದುಕೊಳ್ಳುತ್ತದೋ?

ಹಾಗಾದರೆ ಅಲೆ ಕರೆಂಟ್ ಬಂದರಿನಲ್ಲಿ ಯಾವುದಕ್ಕೆ ಸಲ್ಲುತ್ತದೆ? ಸಣ್ಣ ಕೆಲಸಕ್ಕೆ, ತಂತಿ ಎಳೆಯಲು ಕಷ್ಟವಾದ ಜಾಗಕ್ಕೆ. ಜಪಾನಿನ ಯೋಶಿಯೊ ಮಸೂದಾ ಅವರು ಹಡಗಿಗೆ ದಾರಿ ತೋರುವ ತೇಲುದೀಪಗಳಿಗೆ ಅಲೆಯಿಂದಲೇ ಕರೆಂಟ್ ಕೊಡುವ ಯಂತ್ರ ಮಾಡಿದರು. 1965ರಿಂದ ಅವು ಮಾರಾಟಕ್ಕೇ ಬಂದವು. ನಮ್ಮ ಎನ್‌ಐಒಟಿ ಕೂಡ ಅಂಥ ತೇಲುದೀಪ ಮಾಡಿ ಚೆನ್ನೈ ಹತ್ತಿರದ ಎನ್ನೋರಿನ ಕಾಮರಾಜರ್ ಬಂದರಿನ ಹೊರಗೆ ಪರೀಕ್ಷಿಸಿದೆ. 2022ರ ನವೆಂಬರ್‌ನಲ್ಲಿ ಐಐಟಿ ಮದ್ರಾಸಿನವರು ತೂತ್ತುಕುಡಿಯಿಂದ 6 ಕಿಲೋಮೀಟರ್ ಆಚೆ, 20 ಮೀಟರ್ ಆಳದಲ್ಲಿ ಸಿಂಧುಜಾ–1 ಅನ್ನುವ ಯಂತ್ರ ಇಳಿಸಿದರು. ಅದು ಕೊಟ್ಟದ್ದು 100 ವ್ಯಾಟ್. ಕಿಲೋವ್ಯಾಟ್ ಅಲ್ಲ, ವ್ಯಾಟ್. ಪರೀಕ್ಷೆ ಅಂದರೆ ಹೀಗೆ ಸಣ್ಣದರಿಂದ ಶುರುವಾಗಬೇಕು ಅಂತ ನಾನು ನಂಬುತ್ತೇನೆ. ಅಳಿವೆ ಬಾಗಿಲಿನಲ್ಲಿ ಮರಳದಿಣ್ಣೆ ಜಾಗ ಬದಲಾಯಿಸಿ ಬೋಟು ಮಗುಚುವ ಭಯ ಇರುವುದು ಮಳೆಗಾಲದ ಕೊನೆಯಲ್ಲೇ ಅಲ್ವಾ? ಅಲ್ಲಿ ಉರಿಯುವ ದೀಪ, ಅಲೆ ಅಳೆದು ಮೊಬೈಲಿಗೆ ಕಳಿಸುವ ಸೆನ್ಸರ್, ಒಂದು ಕ್ಯಾಮೆರಾ, ಇವಕ್ಕೆ ಸೋಲಾರ್ ಮಂಕಾದ ದಿನ ಅಲೆ ನೆರವಿಗೆ ಬರುತ್ತದೆ. ಕಂಪನಿಯವರಿಗೆ ಮೊದಲ ಕೆಲಸವಾಗಿ ಇದನ್ನೇ ಕೊಡಿ. ಐಸ್ ಪ್ಲಾಂಟ್‌ನ ಬಿಲ್ ಇಳಿಸಬೇಕಾದರೆ ಹರಾಜು ಕಟ್ಟೆಯ ಚಾವಣಿ ಮೇಲೆ ಸೋಲಾರ್ ಹಾಕಿಸಿ. ಬೋಟು ಓಡುವ ಬೇಸಿಗೆ ತಿಂಗಳುಗಳಿಗೆ ಅದೇ ಹೊಂದುವುದು.

ಸರ್ಕಾರದ ಕಡೆಯಿಂದ ದಾರಿ ಮುಚ್ಚಿಲ್ಲ. ಅಲೆ ಮತ್ತು ಉಬ್ಬರದ ಕರೆಂಟನ್ನು 2019ರಲ್ಲಿ ಕೇಂದ್ರ ನವೀಕರಿಸಬಹುದಾದ ಇಂಧನ ಅಂತ ಘೋಷಿಸಿದೆ. ಬಂದರುಗಳನ್ನು ಹಸಿರಾಗಿಸಲು 2023ರಲ್ಲಿ ಹರಿತ್ ಸಾಗರ್ ಅನ್ನುವ ಮಾರ್ಗಸೂಚಿಯೂ ಬಂದಿದೆ. ಆದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ, ಬಂದರು ಇಲಾಖೆಯ ಒಪ್ಪಿಗೆ ತರುವ ಜವಾಬ್ದಾರಿ ಕಂಪನಿಯದ್ದು, ಸಂಘದ್ದಲ್ಲ. ಅದಕ್ಕೂ ಮೊದಲು ನಾಡದೋಣಿಯವರನ್ನು, ಪಚ್ಚಿಲೆ ಕೀಳುವವರನ್ನು, ಬಲೆ ಬೀಸುವವರನ್ನು ಕೂರಿಸಿ ನಕ್ಷೆ ತೋರಿಸಿ. ಲಂಗರಿನ ಸರಪಳಿ ಎಲ್ಲಿ ಬೀಳುತ್ತದೆ, ಎಷ್ಟು ಜಾಗಕ್ಕೆ ದೋಣಿ ಹೋಗಬಾರದು ಅಂತ ಅವರಿಗೆ ಮೊದಲು ಗೊತ್ತಾಗಬೇಕು. ಕಾರವಾರದಲ್ಲಿ 2020ರಲ್ಲಿ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಬೀದಿಗಿಳಿದದ್ದು ನಮ್ಮೆಲ್ಲರ ಕಣ್ಣಮುಂದೆ ಇದೆ. ಜನರನ್ನು ಕೊನೆಗೆ ಕೇಳಿದರೆ ಒಳ್ಳೆಯ ಕೆಲಸವೂ ನಿಲ್ಲುತ್ತದೆ.

ಯಾವ ಕಾರಣಕ್ಕೂ ಬಿಟ್ಟುಕೊಡಬಾರದ ಷರತ್ತು ಒಂದಿದೆ. ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾ ಬಂದರಿನ ಹೊರಗೆ ಓಶಿಯನ್‌ಲಿಂಕ್ಸ್ ಕಂಪನಿಯ ತೇಲುವ ಅಲೆ ಯಂತ್ರ 2010ರ ಮೇನಲ್ಲಿ ಜೋರು ಅಲೆಗೆ ಲಂಗರು ಕಿತ್ತುಕೊಂಡು ಬಂದು ತಡೆಗೋಡೆಗೇ ಬಡಿದು ಮುರಿಯಿತು. ಅದೇ ಕಂಪನಿ 2014ರಲ್ಲಿ 3,000 ಟನ್ ತೂಕದ ಇನ್ನೊಂದು ಯಂತ್ರವನ್ನು ಎಳೆದುಕೊಂಡು ಹೋಗುವಾಗ ಅದು ದಕ್ಷಿಣ ಆಸ್ಟ್ರೇಲಿಯಾದ ಒಂದು ಬೀಚಿನ ಹತ್ತಿರ ತಳ ಹಿಡಿಯಿತು. ಸ್ವಲ್ಪ ದಿನಕ್ಕೆ ಕಂಪನಿಯೇ ಮುಳುಗಿತು. ಕಾಂಕ್ರೀಟ್ ರಾಶಿ ವರ್ಷಗಟ್ಟಲೆ ಅಲ್ಲೇ ಉಳಿಯಿತು. ತೆಗೆಸುವ ಹಣವನ್ನು ಮೊದಲೇ ಪೂರ್ತಿ ಕಟ್ಟಿಸಿಕೊಳ್ಳದಿದ್ದರೆ ಕೊನೆಗೆ ಊರಿನ ಪಾಲಿಗೆ ಉಳಿಯುವುದು ಇಂಥ ರಾಶಿಯೇ. ಹೊಸ ಯಂತ್ರ ಮುರಿಯಬಹುದು, ಅದು ತಪ್ಪಲ್ಲ, ಪರೀಕ್ಷೆ ಇರುವುದೇ ಅದಕ್ಕೆ. ಆದರೆ ಯಂತ್ರವನ್ನು ಪೂರ್ತಿ ಎತ್ತಿ, ತಳ ಸ್ವಚ್ಛ ಮಾಡಿಕೊಡುವಷ್ಟು ಹಣವನ್ನು ಬ್ಯಾಂಕ್ ಗ್ಯಾರಂಟಿಯಾಗಿ ಮೊದಲೇ ಇಡಿಸಿಕೊಳ್ಳಿ. ಮೊತ್ತವನ್ನು ಕಂಪನಿ ಹೇಳುವುದು ಬೇಡ. ಕ್ರೇನ್ ಬಾರ್ಜ್ ಬಾಡಿಗೆಗೆ ಕೊಡುವವರಿಂದ ಕೊಟೇಶನ್ ತರಿಸಿ. ಬೋಟುಗಳಿಗೆ, ಬಲೆಗಳಿಗೆ ಹಾನಿಯಾದರೆ ಕೊಡುವ ವಿಮೆ ಬೇರೆ ಇರಲಿ.

ಅಳೆದ ಅಂಕಿಗಳ ಒಂದು ಪ್ರತಿ ಸಂಘಕ್ಕೂ ಸೇರಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಕಂಪನಿ ಬಿಟ್ಟು ಹೋದರೂ ಎರಡು ಮಳೆಗಾಲದ ಅಲೆ ಅಂಕಿ ನಿಮ್ಮ ಹತ್ತಿರ ಉಳಿದರೆ, ಮುಂದೆ ತಡೆಗೋಡೆ ಉದ್ದ ಮಾಡುವಾಗಲೂ, ಹೂಳಿನ ಲೆಕ್ಕಕ್ಕೂ ಅದು ಕೆಲಸಕ್ಕೆ ಬರುತ್ತದೆ. ಸದ್ಯಕ್ಕೆ ಅವರಿಂದ ಟ್ಯಾಂಕ್ ವರದಿ ಮತ್ತು ತಿಂಗಳವಾರು ಯೂನಿಟ್ ಅಂದಾಜು ಕೇಳಿ ತರಿಸಿ. ಎರಡೂ ಬಂದ ಮೇಲೆ ಐಸ್ ಪ್ಲಾಂಟ್ ಬಿಲ್ಲುಗಳ ಜೊತೆ ನನಗೂ ಕಳಿಸಿ. ಓದಿ, ಯಾವ ಅಂಕಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅಂತ ಬರೆಯುತ್ತೇನೆ.